ಎತ್ತರದ ಹಲಗೆಯ ವಿಮೆ

ಸೋಮವಾರವೆಂದರೆ ಲಿಂಡ್ಬಿಯಲ್ಲಿ ಬಟ್ಟೆ ಒಗೆಯುವ ದಿನ. ದೇವರು ಭಾನುವಾರ ವಿಶ್ರಾಂತಿ ಪಡೆದದ್ದೇ ಸೋಮವಾರದ ಬಟ್ಟೆಗೆ ಕೈ ಗಟ್ಟಿ ಮಾಡಿಕೊಳ್ಳಲು ಎಂದು ಆಗಿನ ಹೆಂಗಸರು ನಂಬಿದ್ದರು. ಬೆಳಿಗ್ಗೆ ಏಳಕ್ಕೆಲ್ಲ ಒಂದೊಂದು ಹಿತ್ತಲಿನ ತಂತಿಯ ಮೇಲೂ ಹೊದಿಕೆಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಎಂಟಾದರೂ ತಂತಿ ಬರಿದಾಗಿದ್ದರೆ ಆ ಮನೆಯಲ್ಲಿ ಯಾರಿಗೋ ಕಾಯಿಲೆ ಎಂದೇ ಲೆಕ್ಕ. ಒಂಬತ್ತಕ್ಕೆ ಯಾರಾದರೊಬ್ಬರು ಸೂಪಿನ ಪಾತ್ರೆ ಹಿಡಿದು ಬಾಗಿಲು ತಟ್ಟುತ್ತಿದ್ದರು. ಈಗ ಎಲ್ಲರ ಮನೆಯಲ್ಲೂ ಒಣಗಿಸುವ ಯಂತ್ರ ಬಂದಿದೆ. ಯಾರಿಗೆ ಕಾಯಿಲೆ ಎಂದು ಯಾರಿಗೂ ತಿಳಿಯುವುದಿಲ್ಲ.

ಸಾವಿರದ ಒಂಬೈನೂರ ಎಂಬತ್ತಾರರ ಜೂನ್ ಮೂವತ್ತರ ಸೋಮವಾರ, ಆರ್ಡಿಸ್ ಬಾಯಲ್ಲಿ ಮೂರು ಕ್ಲಿಪ್ಪು ಕಚ್ಚಿಕೊಂಡು ಎರಡನೆಯ ಹೊದಿಕೆಯನ್ನು ತಂತಿಗೆ ಹಾಕುತ್ತಿದ್ದಾಗ ಬೇಲಿಯಾಚೆ ಸೆಲ್ಮರ್ ಹೌಗೆನ್ ಕಾಣಿಸಿಕೊಂಡ. ಟೋಪಿ ತಲೆಯ ಮೇಲಿರದೆ ಕೈಯಲ್ಲಿತ್ತು. ಸೆಲ್ಮರ್ ಟೋಪಿ ತೆಗೆಯುತ್ತಿದ್ದುದು ಚರ್ಚಿನಲ್ಲಿ ಮತ್ತು ಸಾವಿನ ಮನೆಯಲ್ಲಿ ಮಾತ್ರ.

"ಆರ್ಡಿಸ್, ಒಂದ್ನಿಮಿಷ ಬಿಡುವಿದ್ಯಾ?"

ಬಾಯಲ್ಲಿ ಕ್ಲಿಪ್ಪು ಇಟ್ಟುಕೊಂಡು ಇಲ್ಲವೆನ್ನುವುದು ಸುಲಭವಲ್ಲ. ಆರ್ಡಿಸ್ ತಲೆಯಾಡಿಸಿದಳು.

ಆರ್ಡಿಸ್ ಲಿಂಡ್ಬಿ ಪುರಸಭೆಯ ಗುಮಾಸ್ತೆ. ಒಂಬೈನೂರು ಜನರ ಊರಿಗೆ ಒಬ್ಬಳೇ ಗುಮಾಸ್ತೆ ಎಂದರೆ ನಾಯಿಯ ಪರವಾನಗಿಯಿಂದ ಗೋರಿಯ ಜಾಗದವರೆಗೆ ಎಲ್ಲವೂ ಅವಳ ತಲೆಯ ಮೇಲೇ. ಸೆಲ್ಮರ್ ವಿಮೆ ಏಜೆಂಟ್. ಮೂವತ್ತೊಂದು ವರ್ಷದಿಂದ ಊರಿನ ಅಗ್ನಿಶಾಮಕ ಗಾಡಿ, ನೀರಿನ ಗೋಪುರ, ಈಜುಕೊಳ ಎಲ್ಲಕ್ಕೂ ವಿಮೆ ಮಾಡಿಸಿದವನು ಅವನೇ. ಆರ್ಡಿಸಳ ಅಪ್ಪನ ಕೊಟ್ಟಿಗೆ ಸುಟ್ಟ ದಿನ ಅಗ್ನಿಶಾಮಕ ಗಾಡಿಗಿಂತ ಮೊದಲು ಬಂದವನೂ ಅವನೇ, ಕೈಯಲ್ಲಿ ಬೇಯಿಸಿದ ಹ್ಯಾಮ್ ಹಿಡಿದುಕೊಂಡು. ಅವನ ಕ್ಯಾಲೆಂಡರ್ ಇಲ್ಲದ ಅಡಿಗೆಮನೆ ಊರಿನಲ್ಲಿರಲಿಲ್ಲ.

"ಕಂಪನಿಯಿಂದ ಕಾಗದ ಬಂದಿದೆ," ಸೆಲ್ಮರ್ ಬೇಲಿಯ ಮೇಲಿಂದ ಚಾಚಿದ. "ಇವತ್ತು ರಾತ್ರಿ ಹನ್ನೆರಡಕ್ಕೆ ಹಳೇ ವಿಮೆ ಮುಗೀತದೆ. ಮುಂದುವರಿಸ್ತಾರಂತೆ. ಆದ್ರೆ ಒಂದು ಶರತ್ತು."

ಆರ್ಡಿಸ್ ಓದಿದಳು. ಕ್ಲಿಪ್ಪು ಮೂರೂ ಹುಲ್ಲಿನ ಮೇಲೆ ಬಿದ್ದವು.

"ಈಜುಕೊಳದ ಎತ್ತರದ ಹಲಗೆ ತೆಗೀಬೇಕಂತಾ?"

"ನಾನು ಬೇಡ ಅಂತ ಬರೆದೆ ಕಣಮ್ಮಾ, ಎರಡು ಸಲ. ಅವರು ಸಮುದ್ರದ ದಡದಲ್ಲಿ ನಲವತ್ತನೇ ಮಹಡಿ ಮೇಲೆ ಕೂತಿದಾರೆ. ಅಲ್ಲಿ ಕೂತೋರಿಗೆ ನಮ್ಮ ಎರಡಾಳು ಎತ್ತರ ನೋಡಿದ್ರೆ ಹೆದರಿಕೆ ಆಗ್ತದಂತೆ!"

ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂತು ಬ್ರೆಡ್ಡಿಗೆ ಜಾಮ್ ಸವರುತ್ತಿದ್ದ ಮಾರಿಟ್ ಕೈ ನಿಲ್ಲಿಸಿದಳು. ಆರ್ಡಿಸಳ ಮಗಳು, ಎಂಟು ವರ್ಷ.

ಆ ಹಲಗೆಯ ವಿಷಯ ಲಿಂಡ್ಬಿಯವರಿಗೆ ಹೇಳಬೇಕಾದ್ದಿರಲಿಲ್ಲ. ಐವತ್ತೊಂದರಲ್ಲಿ ಊರ ಗಂಡಸರೆಲ್ಲ ಸೇರಿ, ಜೋಳದ ಉಗ್ರಾಣ ಕಟ್ಟಿ ಉಳಿದ ಕಂಬಗಳಿಂದ ಈಜುಕೊಳದ ಆಳದ ತುದಿಯಲ್ಲಿ ನಿಲ್ಲಿಸಿದ್ದು. ಎರಡನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಪ್ರತಿ ಮಗುವೂ ಅದನ್ನು ಹತ್ತಿ ನೀರಿಗೆ ಹಾರಬೇಕು. ಯಾರ ಕಾನೂನೂ ಅಲ್ಲ, ಆದರೂ ಹಾರುತ್ತಿದ್ದರು. ಹತ್ತುವಾಗ ಯಾರದೋ ಮಗುವಾಗಿದ್ದವರು ನೀರಿನಿಂದ ಏಳುವಾಗ ಲಿಂಡ್ಬಿಯವರಾಗಿರುತ್ತಿದ್ದರು. ಆರ್ಡಿಸ್ ಹಾರಿದ್ದು ಐವತ್ತಾರರಲ್ಲಿ. ನೀರಿನಿಂದ ತಲೆ ಎತ್ತಿದಾಗ ಕಂಡ ಅಪ್ಪನ ಮುಖ ಇಂದಿಗೂ ಕಣ್ಣಿಗೆ ಕಟ್ಟಿದಂತಿತ್ತು.

ಇದು ಮಾರಿಟಳ ಬೇಸಿಗೆ. ಜೂನ್ ಕಳೆದುಹೋಗುತ್ತಿದ್ದರೂ ಅವಳು ಹಾರಿರಲಿಲ್ಲ. ಸಿಕ್ಕಸಿಕ್ಕವರೆಲ್ಲ "ಏನ್ ಪುಟ್ಟಿ, ಹಾರಿದ್ಯಾ?" ಎಂದು ಕೇಳುವರು, ಅವಳು ತನ್ನ ಕಾಲ ಹೆಬ್ಬೆರಳು ನೋಡುವಳು. ಆರ್ಡಿಸ್ ಮಾತ್ರ ಕೇಳಿರಲಿಲ್ಲ. ಕೇಳಿದರೆ ಮಗುವಿನ ಹೆದರಿಕೆಗೆ ತಾನೇ ಹೆಸರಿಟ್ಟು ತೊಟ್ಟಿಲು ತೂಗಿದಂತಾದೀತು ಎಂದು ಅವಳ ಭಯ. ಹಾರುವುದು ಬಿಡುವುದು ಮಗುವಿಗೆ ಬಿಟ್ಟದ್ದು. ಆದರೆ ಹಾರಲು ಹಲಗೆಯಂತೂ ಇರಬೇಕಲ್ಲ!

"ಸೆಲ್ಮರ್," ಆರ್ಡಿಸ್ ಕಾಗದ ಮಡಚಿದಳು, "ಬೇಜಾರು ಮಾಡ್ಕೋಬೇಡ. ನಾನಿವತ್ತು ಕೂಡುನಿಧಿ ಪರವಾಗಿ ಓಡಾಡ್ತೀನಿ."

"ಗೊತ್ತು," ಎಂದ ಸೆಲ್ಮರ್. "ಅದಕ್ಕೇ ಟೋಪಿ ತೆಗೆದೆ."

*

ಕೂಡುನಿಧಿ ಎಂಬುದು ಹೊಸ ಮಾತು. ಅಯೋವಾ ರಾಜ್ಯದ ನೂರಾರು ಸಣ್ಣ ಊರುಗಳು ದೊಡ್ಡ ಕಂಪನಿಗಳ ಕಾಟ ತಾಳಲಾರದೆ ತಾವೇ ಸೇರಿ ಮಾಡಿಕೊಂಡ ವಿಮೆ. ಒಂದೂರಿಗೆ ನಷ್ಟವಾದರೆ ಉಳಿದವು ಸೇರಿ ತುಂಬಿಕೊಡುವುದು. ಅವರ ಪರೀಕ್ಷಕ ಹತ್ತು ಗಂಟೆಗೆ ರಾಜಧಾನಿಯಿಂದ ಬರುವವನಿದ್ದ. ಸಂಜೆ ಆರೂವರೆಗೆ ಪುರಸಭೆಯ ಐದು ಸದಸ್ಯರು ಓಟು ಹಾಕಬೇಕು. ಮೇಯರ್ ಕೆನಡಾದಲ್ಲಿ ಮೀನು ಹಿಡಿಯುತ್ತಿದ್ದ. ಊರಿಗೆ ತಲೆನೋವು ಬರುವ ವಾರವೇ ಅಲ್ಲಿನ ಮೀನುಗಳಿಗೆ ಹಸಿವಾಗುತ್ತಿತ್ತು.

ಓಟಿನ ಲೆಕ್ಕ ಆರ್ಡಿಸಳ ಬೆರಳ ತುದಿಯಲ್ಲಿತ್ತು. ಹೊಲದಲ್ಲಿ ಹುಲ್ಲು ಕಟ್ಟುತ್ತಿದ್ದ ಟೋಲೆಫ್ಸನ್ ಸಹೋದರರಿಬ್ಬರು ಕೂಡುನಿಧಿಗೆ. ಜೋಳದ ಉಗ್ರಾಣದ ವರ್ಲಿನ್ ಮತ್ತು ಕಾಫಿ ಅಂಗಡಿಯ ಲವೋನ್ ಸೆಲ್ಮರನ ಕಂಪನಿಗೆ. ನಡುವೆ ಪೆಟ್ರೋಲ್ ಬಂಕಿನ ಗೋರ್ಡಿ. "ನಾನು ಎರಡೂ ಕಡೆ ಕೇಳಿ ಹೇಳ್ತೀನಪ್ಪ" ಎಂದು ಒಂದು ತಿಂಗಳಿನಿಂದ ಹೇಳುತ್ತಿದ್ದ. ಪಾಪ, ಅವನಿಗೆ ಯಾವ ಕಡೆಯದೂ ಕೇಳಲು ಸಾಧ್ಯವಿರಲಿಲ್ಲ.

ಕಾರಣ ಕಾನೂನು. ಐವರಲ್ಲಿ ಮೂವರು ಸದಸ್ಯರು ಎಲ್ಲಿಯಾದರೂ ಸೇರಿ ಊರ ವಿಷಯ ಮಾತಾಡಿದರೆ ಅದು ಸಭೆ. ಒಂದು ದಿನ ಮೊದಲು ನೋಟಿಸು ಅಂಟಿಸದ ಸಭೆ ಅಪರಾಧ. ಆದರೆ ಊರಿಗೆ ಇದ್ದದ್ದು ಒಂದೇ ಕಾಫಿ ಅಂಗಡಿ, ಅದರ ಒಡತಿ ಲವೋನಳೇ ಸದಸ್ಯೆ, ಎಂಟು ಗಂಟೆಗೆ ಅಲ್ಲಿಗೆ ಬಾರದ ಗಂಡಸು ಊರಲ್ಲಿರಲಿಲ್ಲ. ಹಾಗಾಗಿ ಒಂದು ರೂಢಿ ಬೆಳೆದಿತ್ತು. ಮೂರನೆಯ ಸದಸ್ಯ ಒಳಬಂದರೆ ಹಣ್ಣಿನ ಪೈ ಇಡುವ ಕಪಾಟಿನ ಪಕ್ಕದ ಸ್ಟೂಲಿನಲ್ಲಿ ಬೆನ್ನು ತಿರುಗಿಸಿ ಕೂರಬೇಕು. ಆಗ ಅಂಗಡಿಯಲ್ಲಿ ಹವೆಯ ಮಾತು ಮಾತ್ರ. ಇದಕ್ಕೆ ಕಾವಲು ವಾರಪತ್ರಿಕೆಯ ಬ್ಯೂಲಾ. ಎಪ್ಪತ್ತಾರು ವರ್ಷದ ಆ ಮುದುಕಿ ಕಿಟಕಿಯ ಬಳಿ ಪೆನ್ಸಿಲ್ ಚೂಪು ಮಾಡಿಕೊಂಡು, ಕೋಳಿಗೂಡಿನ ಮುಂದೆ ಕೂತ ಬೆಕ್ಕಿನಂತೆ ತಲೆ ಎಣಿಸುತ್ತಿರುತ್ತಿದ್ದಳು.

ಆರ್ಡಿಸ್ ಮಗಳ ಕೈಹಿಡಿದು ಒಳಬಂದಾಗ ವರ್ಲಿನ್ ಆಗಲೇ ಗುಡುಗುತ್ತಿದ್ದ.

"ಆ ಕೂಡುನಿಧಿ ಡಬ್ಬಿಯೊಳಗೆ ಯಾರ್‍ಯಾರಿದಾರೆ ಗೊತ್ತಾ ಲವೋನ್? ಮಾರ್ಕ್‌ವಿಲ್! ಹೋದ ವರ್ಷ ಅಗ್ನಿಶಾಮಕದೋರ ಹಬ್ಬ ಅಂತ ಸಾಸೇಜು ಸುಡೋಕೆ ಹೋಗಿ ಅಗ್ನಿಶಾಮಕ ಠಾಣೇನೇ ಸುಟ್ಕೊಂಡ ಜನ! ಅವರ ಸಾಸೇಜಿಗೆ ನಾನ್ಯಾಕೆ ದಂಡ ಕಟ್ಲಿ?"

ಎಂಟು ಮೈಲಿ ದೂರದ ಮಾರ್ಕ್‌ವಿಲ್‌ಗೂ ಲಿಂಡ್ಬಿಗೂ ಅರವತ್ತು ವರ್ಷದ ಫುಟ್‌ಬಾಲ್ ಹಗೆ.

"ಅವರೂ ಈಗ ಕಾಫಿ ಕುಡೀತಾ ನಮ್ಮ ಬಗ್ಗೆ ಇದನ್ನೇ ಹೇಳ್ತಿರ್ತಾರೆ," ಎಂದಳು ಆರ್ಡಿಸ್. "ನೀನು ಹೋದ ಚಳಿಗಾಲ ಹಿಮ ಗುಡಿಸೋ ಗಾಡೀನ ಪಾದ್ರಿ ಕಾರಿನ ಮೇಲೆ ಹತ್ತಿಸಿದ್ಯಲ್ಲ, ಆ ಸುದ್ದಿ ಅಲ್ಲಿಗೂ ಹೋಗಿದೆ."

"ಅದು ಹಿಮದ ತಪ್ಪು!"

"ನಂಗೆ ಸಾಸೇಜೂ ಗೊತ್ತಿಲ್ಲ, ಹಿಮವೂ ಗೊತ್ತಿಲ್ಲ," ಲವೋನ್ ಕಾಫಿ ಬಗ್ಗಿಸುತ್ತ ಮೂಗೆಳೆದಳು. "ನನ್ನ ಗಂಡನ ಪೆಟ್ಟಿಗೆಗೆ ಹೆಗಲು ಕೊಟ್ಟೋನು ಸೆಲ್ಮರ್. ಅವನ ಕೈ ಬಿಟ್ಟು ಯಾರೋ ಗುರುತಿಲ್ದೋರ ಜೊತೆ..."

"ಸೆಲ್ಮರ್ ಗುರುತು ಸರಿ ಲವೋನ್. ಅವನ ಕಂಪನಿ ಗುರುತಾ? ಈ ಕಾಗದಕ್ಕೆ ಸಹಿ ಹಾಕಿರೋದು ಮನುಷ್ಯನೇ ಅಲ್ಲ, ರಬ್ಬರ್ ಮುದ್ರೆ. ನಿನ್ನ ಮೂರೂ ಮಕ್ಕಳು ಹಾರಿದ ಹಲಗೆ ಕೀಳ್ಸು ಅಂತಿದೆ ಆ ಮುದ್ರೆ."

ಲವೋನ್ ಮುದ್ರೆ ನೋಡಲು ಬಗ್ಗಿದಳು. ಕಾಫಿ ತಟ್ಟೆಗೆ ಚೆಲ್ಲಿತು. ಅಷ್ಟರಲ್ಲಿ ಬಾಗಿಲ ಗಂಟೆ ಟಿಣ್ ಎಂದಿತು. ಗೋರ್ಡಿ! ಬ್ಯೂಲಾಳ ಪೆನ್ಸಿಲ್ ಮೇಲೆದ್ದಿತು.

"ಬಿಸಿಲು ಜಾಸ್ತಿ," ಎಂದ ವರ್ಲಿನ್ ತಟ್ಟನೆ.

"ಸಂಜೆ ಗಾಳಿ ಬರಬಹುದು," ಎಂದಳು ಲವೋನ್.

ಗೋರ್ಡಿ ನಿಟ್ಟುಸಿರಿಟ್ಟು ಸ್ಟೂಲಿನಲ್ಲಿ ಬೆನ್ನು ತಿರುಗಿಸಿ ಕೂತು ಪೈಗಳಿಗೆ ಹೇಳಿದ: "ಒಂದು ತಿಂಗಳಿಂದ ನಂಗೆ ಈ ಊರಲ್ಲಿ ಗೊತ್ತಾಗಿರೋದು ಹವೆ ಒಂದೇ."

"ನೆನಪಿರಲಿ," ಬ್ಯೂಲಾ ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡಿದಳು. "ಮೂರು ತಲೆ ಸೇರಿ ಒಂದು ಮಾತು ಆಡಿದ್ರೂ ನಾನು ಬರೀತೀನಿ. ಬರೆದ್ರೆ ಸಂಜೆ ಓಟು ರದ್ದು. ರಾತ್ರಿ ಹನ್ನೆರಡರ ಮೇಲೆ ಊರಿಗೆ ಆ ವಿಮೆನೂ ಇಲ್ಲ, ಈ ವಿಮೆನೂ ಇಲ್ಲ. ಏನ್ ಪುಟ್ಟಿ, ಹಾರಿದ್ಯಾ?"

ಮಾರಿಟ್ ಹೆಬ್ಬೆರಳು ನೋಡಿದಳು.

*

ಹತ್ತಕ್ಕೆ ಸರಿಯಾಗಿ ಪರೀಕ್ಷಕ ಪ್ರಿಬಿಲ್ ಬಂದ. ಕಂದು ಕೋಟು, ತೆಳು ಕುತ್ತಿಗೆ, ಕಂಕುಳಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆಗಳು, ಜೇಬಿನಲ್ಲಿ ಅಳತೆಯ ಪಟ್ಟಿ. ಹೆಣ್ಣು ನೋಡಲು ಬಂದ ಗಂಡಿನ ಸೋದರಮಾವನ ಹಾಗೆ ಎಲ್ಲವನ್ನೂ ಬೆರಳಿಂದ ಮುಟ್ಟಿ ನೋಡಿದ. ಮೆಟ್ಟಿಲು ಮುಟ್ಟಿದ, ಅಗ್ನಿಶಾಮಕ ಗಾಡಿಯ ಟೈರು ಒದ್ದ, ಗ್ರಂಥಾಲಯದ ನೆಲಹಾಸಿನ ಅಂಚು ಎತ್ತಿ ಬಗ್ಗಿ ನೋಡಿದ. ಪ್ರತಿ ಸಲವೂ "ಹ್ಞೂಂ" ಎಂದು ಬರೆದುಕೊಂಡ. ಆ "ಹ್ಞೂಂ" ಮೆಚ್ಚಿಗೆಯೋ ತಗಾದೆಯೋ ತಿಳಿಯದೆ ಆರ್ಡಿಸ್ ಬೆವರಿದಳು.

ಮಧ್ಯಾಹ್ನಕ್ಕೆ ಈಜುಕೊಳ. ಮಕ್ಕಳೆಲ್ಲ ದಡ ಹತ್ತಿ ಸಾಲಾಗಿ ಕೂತರು. ಪ್ರಿಬಿಲ್ ಕೆಳಗಿನಿಂದ ಹಲಗೆ ನೋಡಿದ, ಕಂಬ ತಟ್ಟಿದ.

"ಗಟ್ಟಿ ಇದೆ," ಎಂದ. ದಿನದ ಮೊದಲ ಮಾತು. ಆರ್ಡಿಸಳ ಎದೆ ಹಗುರಾಯಿತು. "ಮೇಲಿನ ಕಂಬಿ ಅಳತೆ ಒಂದು ತಗೊಂಡ್ರೆ ಮುಗೀತು."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪ್ರಿಬಿಲ್ ಹನ್ನೆರಡು ಮೆಟ್ಟಿಲು ಹತ್ತಿ, ಕಂಬಿ ಅಳೆದು, ಅಂಕಿ ಬರೆದು, ಆಮೇಲೆ ಒಂದು ತಪ್ಪು ಮಾಡಿದ. ಕೆಳಗೆ ನೋಡಿದ.

ಮೊದಲು ಅವನ ಮೊಣಕಾಲು ಮಡಚಿತು, ಆಮೇಲೆ ಸೊಂಟ. ನೋಡನೋಡುತ್ತ ಅವನು ಹಲಗೆಯ ಮೇಲೆ ಬೋರಲು ಮಲಗಿ, ಕಳೆದುಹೋಗಿ ಸಿಕ್ಕ ತಾಯಿಯನ್ನು ಅಪ್ಪಿದ ಮಗುವಿನಂತೆ ಎರಡೂ ಕೈಯಿಂದ ಅದನ್ನು ಅಪ್ಪಿಕೊಂಡ.

"ಪ್ರಿಬಿಲ್ ಅವರೇ, ಇಳೀತೀರಾ?"

"ಇಲ್ಲ."

"ಏನು ಮಾಡ್ತೀರಾ?"

"ಇಲ್ಲೇ ಇರ್ತೀನಿ."

ಸಣ್ಣ ಊರಿನಲ್ಲಿ ಇಂಥ ಸುದ್ದಿಗೆ ಟೆಲಿಫೋನು ಬೇಡ. ಹತ್ತು ನಿಮಿಷದಲ್ಲಿ ಅರ್ಧ ಊರು ಬೇಲಿಯ ಸುತ್ತ ನಿಂತಿತು. ಒಬ್ಬ ಹಾಸಿಗೆ ತರಿಸಿ ಎಂದ, ಇನ್ನೊಬ್ಬ ಪಾದ್ರಿಯನ್ನು ಕರೆಸಿ ಎಂದ. ಲವೋನ್ ಎರಡು ತುಂಡು ಪೈ ತಂದು, "ಪಾಪ, ಊಟ ಆಗಿರಲ್ಲ, ಕೋಲಿಗೆ ಕಟ್ಟಿ ಕೊಡೋಣ" ಎಂದಳು. ವರ್ಲಿನ್ ಉಗ್ರಾಣದ ಹಗ್ಗ ತಂದ.

"ಉದ್ದ ಏಣಿ ಗಾಡಿ ಇರೋದು ಮಾರ್ಕ್‌ವಿಲ್‌ನಲ್ಲಿ," ಎಂದಳು ಆರ್ಡಿಸ್ ಮೆಲ್ಲಗೆ.

"ಬೇಡ!" ವರ್ಲಿನ್ ಕಿರುಚಿದ. "ಬೇಕಾದ್ರೆ ಅವನು ಚಳಿಗಾಲದವರೆಗೂ ಅಲ್ಲೇ ಇರ್ಲಿ. ಕೊಳ ಹೆಪ್ಪುಗಟ್ಟಿದ ಮೇಲೆ ಇಳಿಸೋಣ!"

"ವರ್ಲಿನ್, ಇದಕ್ಕೇ ಹೇಳೋದು ಕೂಡುನಿಧಿ ಅಂತ. ಅವರ ಏಣಿ, ನಮ್ಮ ಅವಸರ," ಎಂದು ಆರ್ಡಿಸ್ ಶುರುಮಾಡಿದಳು. "ಇವತ್ತು ಅವರಿಂದ ನಮಗೆ, ನಾಳೆ—"

"ಒಂದು," ಎಂದಿತು ಹಿಂದಿನಿಂದ ಒಂದು ಧ್ವನಿ. ಬ್ಯೂಲಾ! "ಎರಡು." ಪೆನ್ಸಿಲ್ ವರ್ಲಿನನಿಂದ ಲವೋನಳತ್ತ ಸರಿಯಿತು. "ಮತ್ತೆ ಅಕೋ..."

ಗೇಟಿನಿಂದ ಗೋರ್ಡಿ ಓಡಿ ಬರುತ್ತಿದ್ದ. "ಏನಾಯ್ತು? ಏನಾಯ್ತು? ಬಿದ್ರೆ ವಿಮೆ ಯಾರದು?"

"ಗೋರ್ಡಿ, ಬಾಯಿ ಮುಚ್ಚು! ನೀರಿಗಿಳಿ!" ಆರ್ಡಿಸ್ ಕೂಗಿದಳು.

"ಏನು?"

"ಇಳಿಯೋ ಮಾರಾಯಾ! ಮುಳುಗು!"

ಗೋರ್ಡಿ ಗುಮಾಸ್ತೆಯ ಮಾತು ಮೀರಿದವನಲ್ಲ. ಬೂಟು ಬಿಚ್ಚಿ, ಬಂಕಿನ ಸಮವಸ್ತ್ರದಲ್ಲೇ ನೀರಿಗಿಳಿದ.

"ನೀರಲ್ಲಿದ್ರೆ ಹಾಜರಿ ಅಲ್ವಾ?" ಬ್ಯೂಲಾ ಹುಬ್ಬೇರಿಸಿದಳು.

"ಕಿವಿ ನೀರೊಳಗಿದ್ರೆ ಅವನು ಸಭೇಲಿಲ್ಲ. ಕಾನೂನು ಪುಸ್ತಕದಲ್ಲಿ ಎಲ್ಲಿದೆ ತೋರಿಸಿ ನೋಡೋಣ."

ಬ್ಯೂಲಾ ಯೋಚಿಸಿದಳು. ಐವತ್ತು ವರ್ಷದ ಪತ್ರಿಕೆ ಕೆಲಸದಲ್ಲಿ ಇಂಥ ಪ್ರಶ್ನೆ ಎದ್ದಿರಲಿಲ್ಲ. "ಕಿವಿ ಮೇಲೆ ಬಂದ್ರೆ ಬರೀತೀನಿ," ಎಂದಳು ಕೊನೆಗೆ.

ಆಮೇಲೆ ನಡೆದದ್ದನ್ನು ಲಿಂಡ್ಬಿಯ ಹಳಬರು ಈಗಲೂ ಹೇಳಿ ನಗುತ್ತಾರೆ. ಗೋರ್ಡಿ ಮುಳುಗಿದಾಗ ವರ್ಲಿನ್ ಮತ್ತು ಲವೋನ್ ಏಣಿ, ವಿಮೆ, ಮಾರ್ಕ್‌ವಿಲ್ ಎಂದು ಜಗಳವಾಡುವರು. ಅವನ ತಲೆ ಮೇಲೆ ಬಂದ ಕೂಡಲೇ "ಬಿಸಿಲು ಜಾಸ್ತಿ", "ಗಾಳಿ ಬರಬಹುದು". ಗೋರ್ಡಿ ಉಸಿರೆಳೆದು, "ನಂಗೂ ಸ್ವಲ್ಪ ಹೇಳ್ರೋ" ಎಂದು ಗೋಗರೆದು ಮತ್ತೆ ಮುಳುಗುವನು. ಮೇಲಿನಿಂದ ಪ್ರಿಬಿಲ್ ಕ್ಷೀಣವಾಗಿ, "ಅಲ್ಲಿ ಯಾರೋ ಮುಳುಗ್ತಿದಾರೆ, ನನ್ನ ಬಿಡಿ, ಅವರನ್ನ ನೋಡಿ" ಎನ್ನುವನು.

ಇಷ್ಟರಲ್ಲಿ ಸೆಲ್ಮರ್ ಏದುಸಿರು ಬಿಡುತ್ತ ಬಂದ. ಜನ ದಾರಿ ಬಿಟ್ಟರು. ಕೂಡುನಿಧಿಯವನ ಈ ಅವಸ್ಥೆ ನೋಡಿ ಅವನಿಗೆ ಒಳಗೊಳಗೇ ಖುಷಿಯಾಗಿರಬೇಕು ಎಂದು ಎಲ್ಲರೂ ಭಾವಿಸಿದರು.

"ಅಯ್ಯೋ ದೇವರೇ, ಯಾರಾದ್ರೂ ಅವನನ್ನ ಜೋಪಾನವಾಗಿ ಇಳಿಸ್ರಪ್ಪಾ!" ಸೆಲ್ಮರ್ ಎದೆ ಹಿಡಿದುಕೊಂಡ. "ರಾತ್ರಿ ಹನ್ನೆರಡರವರೆಗೆ ಅವನು ನನ್ನ ವಿಮೆ ಮೇಲೆ ಮಲಗಿದಾನೆ!"

ಆಮೇಲೆ ಬೂಟುಗಾಲಲ್ಲೇ ಕೊಳದ ಅಂಚಿಗೆ ಬಂದು ತಲೆ ಎತ್ತಿದ. ಅವನ ಧ್ವನಿಯೇ ಬದಲಾಯಿತು. ಮೂವತ್ತು ವರ್ಷದಿಂದ ಊರ ಮಕ್ಕಳನ್ನೆಲ್ಲ ಅವನು ಈ ಜಾಗದಲ್ಲೇ ನಿಂತು, ಇದೇ ಧ್ವನಿಯಲ್ಲಿ ಹಾರಿಸಿದ್ದ. ಬೇಲಿಯ ಸುತ್ತ ನಿಂತಿದ್ದ ದೊಡ್ಡವರೆಲ್ಲ ಒಂದು ಕ್ಷಣ ಎರಡನೆಯ ತರಗತಿಯವರಾದರು.

"ಮಗಾ," ಎಂದ ಸೆಲ್ಮರ್ ಐವತ್ತು ವರ್ಷದ ಪ್ರಿಬಿಲ್‌ಗೆ. "ನೀರು ನೋಡ್ಬೇಡ. ಎದುರಿಗೆ ನೋಡು. ನೀರಿನ ಗೋಪುರ ಕಾಣ್ತದಾ?"

"ಕಾಣ್ತದೆ."

"ಅದರ ಮೇಲೆ ನಮ್ಮೂರ ಹೆಸರು ಬರ್ದಿದೆ. ಎದ್ದು ನಿಂತು ನಿಧಾನಕ್ಕೆ ಓದು. ಕೊನೇ ಅಕ್ಷರ ಓದಿದ ಕೂಡ್ಲೇ ಒಂದು ಹೆಜ್ಜೆ. ಅಷ್ಟೇ. ನೀನು ಹಾರೋದು ಬೇಡ. ಓದೋದಷ್ಟೇ ನಿನ್ನ ಕೆಲಸ."

ಪ್ರಿಬಿಲ್ ಎದ್ದ. ಓದಿದ. ಕೊನೆಯ ಅಕ್ಷರದ ಹತ್ತಿರ ನಿಂತ. ಮತ್ತೆ ಮೊದಲಿನಿಂದ ಓದಿದ. ಮತ್ತೆ ನಿಂತ. ಮಾರಿಟ್ ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿದ್ದಳು. ಮೂರನೆಯ ಸಲ ಅವನು ಕಣ್ಣುಮುಚ್ಚಿ, ಊರಿನ ಹೆಸರನ್ನು ದೊಡ್ಡದಾಗಿ ಕೂಗಿ, ಹೆಜ್ಜೆ ಇಟ್ಟ.

ಅಟ್ಟದಿಂದ ಹಿಟ್ಟಿನ ಮೂಟೆ ಬಿದ್ದ ಹಾಗಾಯಿತು. ಬ್ಯೂಲಾಳ ನೋಟ್‌ಬುಕ್ಕು ಒದ್ದೆಯಾಗಿ, ಹಾಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಕೆಳಗೆ ಮುಳುಗಿದ್ದ ಗೋರ್ಡಿ ಗಾಬರಿಯಿಂದ ಮೇಲೆದ್ದ. ಅವನ ಪಕ್ಕದಲ್ಲಿ ಪ್ರಿಬಿಲ್‌ನ ತಲೆ ಎದ್ದಿತು. ಬೀಳುವಾಗ ಮೊಣಕಾಲು ಗದ್ದಕ್ಕೆ ಬಡಿದು ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಅವನು ಉಳಿದ ಹಲ್ಲೆಲ್ಲ ತೋರಿಸಿ ನಗುತ್ತಿದ್ದ.

"ಇನ್ನೊಂದ್ಸಲ ಹತ್ಲಾ?"

*

ಮೂರು ಗಂಟೆಗೆ ಪ್ರಿಬಿಲ್ ಪುರಸಭೆಯ ಕಚೇರಿಯಲ್ಲಿ ಆರ್ಡಿಸಳ ಗಂಡನ ಅಂಗಿ ತೊಟ್ಟು, ತುಟಿಗೆ ಮಂಜುಗಡ್ಡೆ ಒತ್ತಿಕೊಂಡು ಕೂತಿದ್ದ. ಹೊಸದಾಗಿ ಮದುವೆಯಾದವನ ಕಳೆ ಮುಖದಲ್ಲಿತ್ತು. "ನನ್ನಮ್ಮ ನೀರಿನ ಹತ್ರ ಬಿಡ್ತಿರ್ಲಿಲ್ಲ," ಎಂದ. "ಇಷ್ಟು ವರ್ಷ ಹಲಗೆಗಳನ್ನ ಅಳೀತಾ ಬಂದೆ. ಒಂದರ ಮೇಲೂ ನಿಂತಿರ್ಲಿಲ್ಲ."

ಆರ್ಡಿಸಳಿಗೆ ಅವನ ಮೇಲೆ ಅಕ್ಕರೆ ಉಕ್ಕಿತು. ಅಲ್ಲೇ ಅವಳು ಎಡವಿದ್ದು.

"ನಿಮ್ಮ ಹಲ್ಲಿಗೆ ಹಳೇ ಕಂಪನಿಯಿಂದ ಪರಿಹಾರ ಬರ್ತದೆ. ಅರ್ಜಿ ತುಂಬ್ಲಾ?"

"ಅಯ್ಯೋ, ಬೇಡ ಬೇಡ. ಅರ್ಧ ಹಲ್ಲು ತಾನೇ."

ಆ ಸೀಮೆಯಲ್ಲಿ ಕೇಳಿದ ಕೂಡಲೇ ಹ್ಞೂಂ ಎನ್ನುವುದು ಒರಟುತನ. ಕಾಫಿಯಾಗಲಿ, ಕೇಕಾಗಲಿ, ಮನೆಗೆ ಬಿಡುವ ಮಾತಾಗಲಿ, ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲ "ನಿಮಗ್ಯಾಕೆ ತೊಂದರೆ" ಎನ್ನಬೇಕು. ಮೂರನೆಯ ಸಲ ಕೇಳಿದರೆ ಒಪ್ಪಲೇಬೇಕು. ಒಪ್ಪದಿದ್ದರೆ ಕೇಳಿದವರಿಗೆ ಅವಮಾನ. ಎಷ್ಟೋ ಜನ ಬೇಡದ ಕೇಕು ತಿಂದದ್ದು, ಬೇಡದ ಬೆಕ್ಕಿನಮರಿ ಮನೆಗೆ ಒಯ್ದದ್ದು ಹೀಗೆಯೇ.

"ಬರೀ ಒಂದು ಹಾಳೆ. ಬರೀಲಾ?"

"ನಿಮಗ್ಯಾಕೆ ಸುಮ್ನೆ ತೊಂದರೆ."

ಇಲ್ಲಿಗೆ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆರ್ಡಿಸ್ ಒಳ್ಳೆಯ ಮನೆತನದಲ್ಲಿ ಬೆಳೆದವಳು. ಎರಡಕ್ಕೆ ನಿಲ್ಲಿಸುವುದು ಅವಳ ರಕ್ತದಲ್ಲಿರಲಿಲ್ಲ.

"ಏನೂ ತೊಂದರೆ ಇಲ್ಲ. ಬರೀತೀನಿ."

"ಹಾಗಾದ್ರೆ ಸರಿ," ಎಂದ ಪ್ರಿಬಿಲ್, ಪಾಪ, ರೂಢಿಯಂತೆ.

ಮೂರು ಪ್ರತಿ, ಪುರಸಭೆಯ ಮುದ್ರೆ, ನಾಲ್ಕೂವರೆಯ ಅಂಚೆಗೆ ಹೋಯಿತು.

*

ಆರೂವರೆಯ ಸಭೆಗೆ ಕುರ್ಚಿ ಸಾಲಲಿಲ್ಲ. ಜನ ಕಿಟಕಿಗಳಲ್ಲಿ ಕೂತರು. ಮಾರಿಟ್ ಗೋಡೆ ಬದಿಯ, ಚಳಿಗಾಲದಲ್ಲಿ ಕೋಣೆ ಕಾಯಿಸುವ ರೇಡಿಯೇಟರಿನ ಮೇಲೆ ಕಾಲು ಇಳಿಬಿಟ್ಟು ಕೂತಳು. ಹೊರಗೆ ಬಿಸಿಲು ಇನ್ನೂ ಜೇನಿನ ಬಣ್ಣದಲ್ಲಿತ್ತು.

ಪ್ರಿಬಿಲ್ ಎದ್ದು, "ಹಲಗೆ ಗಟ್ಟಿಯಿದೆ, ಕಂಬಿ ಸರಿಯಿದೆ, ನಿಧಿಗೆ ಅಭ್ಯಂತರವಿಲ್ಲ" ಎಂದ. ಚಪ್ಪಾಳೆ ಬಿತ್ತು. ಗೋರ್ಡಿ ಒದ್ದೆ ಕಿವಿಯಿಂದ ಹತ್ತಿ ತೆಗೆದು, "ಈಗ್ಲಾದ್ರೂ ಎರಡು ಕಡೇದೂ ಹೇಳಿ" ಎಂದ. ಎಲ್ಲರೂ ಸೆಲ್ಮರನತ್ತ ನೋಡಿದರು.

ಸೆಲ್ಮರ್ ಟೋಪಿ ತಿರುಗಿಸುತ್ತ ನಿಂತ. "ನಾನು ಈ ಕೆಲಸಕ್ಕೆ ಸೇರಿದಾಗ ಕಂಪನಿಯಲ್ಲಿ ಒಬ್ಬ ಮನುಷ್ಯ ಇದ್ದ. ಕೊಟ್ಟಿಗೆ ಸುಡ್ತು ಅಂತ ಫೋನ್ ಮಾಡಿದ್ರೆ ಹಸುಗಳು ಹೊರಗೆ ಬಂದ್ವಾ ಅಂತ ಮೊದ್ಲು ಕೇಳೋನು. ಅವನು ಸತ್ತು ಹತ್ತು ವರ್ಷ ಆಯ್ತು. ಈಗ ಫೋನ್ ಮಾಡಿದ್ರೆ ನಿಮ್ಮ ನಂಬರ್ ಎಷ್ಟು ಅಂತಾರೆ." ಟೋಪಿ ಕಂಕುಳಿಗೆ ಸಿಕ್ಕಿಸಿದ. "ನನ್ನ ಮುಖ ನೋಡಿ ಓಟು ಹಾಕ್ಬೇಡಿ. ನನ್ನ ಮುಖ ಇನ್ನು ಎಷ್ಟು ದಿನ? ಮಾರ್ಕ್‌ವಿಲ್‌ನೋರು ಮೂರ್ಖರಿರ್ಬಹುದು, ಆದ್ರೆ ಹಸುಗಳ ವಿಷಯ ಕೇಳ್ತಾರೆ."

ಲವೋನ್ ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ಅಷ್ಟಾದರೂ ಓಟು ಸೆಲ್ಮರನ ಕಂಪನಿಗೇ ಹಾಕಿದಳು. ಹೆಗಲು ಕೊಟ್ಟವನ ಋಣ ಬೇರೆ ಮಾತು. ವರ್ಲಿನ್ ಸಾಸೇಜಿನ ಸಿಟ್ಟು ಬಿಡಲಿಲ್ಲ. ಟೋಲೆಫ್ಸನ್ ಸಹೋದರರು ಒಟ್ಟಿಗೆ ಕೈ ಎತ್ತಿದರು. ಗೋರ್ಡಿ ಸೆಲ್ಮರನನ್ನೇ ನೋಡುತ್ತ ಮೆಲ್ಲಗೆ, "ಕೂಡುನಿಧಿ" ಎಂದ.

ಮೂರಕ್ಕೆ ಎರಡು. ಆರ್ಡಿಸ್ ಮುಖ ಮುಚ್ಚಿಕೊಂಡು ಕೂತಳು. ಹಲಗೆ ಉಳಿಯಿತು!

"ಕೊನೇ ಹಾಳೆ ಒಂದಿದೆ," ಎಂದ ಪ್ರಿಬಿಲ್. "ಓಟಾದ ಮೇಲೆ ತುಂಬೋದು. ಬರೀ ಶಾಸ್ತ್ರ." ಓದತೊಡಗಿದ. ಓದುತ್ತ ಓದುತ್ತ ಅವನ ಧ್ವನಿ ಇಳಿಯಿತು. "ಕಳೆದ ಹನ್ನೆರಡು ತಿಂಗಳಲ್ಲಿ... ಈ ಸ್ಥಳದಲ್ಲಿ ಯಾರಿಗಾದರೂ ಗಾಯವಾಗಿ ಪರಿಹಾರ ಕೇಳಿದ್ದರೆ... ಸಮಿತಿ ಪರಿಶೀಲಿಸುವವರೆಗೆ ಅದರ ಬಳಕೆ ನಿಲ್ಲಿಸತಕ್ಕದ್ದು."

"ಮೂವತ್ತೈದು ವರ್ಷದಲ್ಲಿ ಒಬ್ರಿಗೂ ಏನೂ ಆಗಿಲ್ಲ," ಎಂದ ವರ್ಲಿನ್ ಹೆಮ್ಮೆಯಿಂದ.

ಪ್ರಿಬಿಲ್ ನಾಲಿಗೆಯಿಂದ ಅರ್ಧ ಹಲ್ಲು ಮುಟ್ಟಿ ನೋಡಿಕೊಂಡ. "ಒಬ್ರಿಗೆ ಆಗಿದೆ," ಎಂದ.

ಕಿಟಕಿಗಳಲ್ಲಿ ಕೂತವರು ಒಳಕ್ಕೆ ಬಗ್ಗಿದರು.

"ಅದನ್ನ ಬರೀಬೇಡಿ!" ಆರ್ಡಿಸ್ ಎದ್ದಳು.

"ಬರೀದೆ ಹೇಗಮ್ಮಾ? ನೀವೇ ಮೂರು ಪ್ರತಿ ಮಾಡಿ ಅಂಚೆಗೆ ಹಾಕಿದ್ರಲ್ಲ."

"ನೀವು ಬೇಡ ಅಂದ್ರಿ!"

"ಎರಡು ಸಲ ಅಂದೆ," ಪ್ರಿಬಿಲ್ ಕಣ್ಣು ತುಂಬಿಕೊಂಡ. "ನೀವು ಮೂರನೇ ಸಲ ಕೇಳಿದ್ರಿ."

ಮೂರನೇ ಸಲ ಕೇಳಿದ ಮೇಲೆ ಪಾಪ ಅವನಾದರೂ ಏನು ಮಾಡಿಯಾನು?

"ಸಮಿತಿ ಯಾವಾಗ ಸೇರ್ತದೆ?" ಗೋರ್ಡಿ ಕೇಳಿದ.

"ಅಕ್ಟೋಬರ್‌ನಲ್ಲಿ."

ಕೊಳ ಮುಚ್ಚುವುದು ಸೆಪ್ಟೆಂಬರ್ ಮೊದಲ ವಾರ.

"ಸಮಿತಿಗೆ ಅಧ್ಯಕ್ಷ ಯಾರು?" ವರ್ಲಿನ್ ಅನುಮಾನದಿಂದ ಕೇಳಿದ.

ಪ್ರಿಬಿಲ್ ಹಾಳೆ ತಿರುಗಿಸಿ ನೋಡಿ ಇನ್ನೂ ಸಣ್ಣವನಾದ. "ಮಾರ್ಕ್‌ವಿಲ್ ಗುಮಾಸ್ತರು."

ವರ್ಲಿನ್ ಮೇಜಿನ ಮೇಲೆ ಹಣೆ ಇಟ್ಟ.

ಆರ್ಡಿಸ್ ಕುರ್ಚಿಗೆ ಕುಸಿದಳು. ಬೆಳಿಗ್ಗೆಯಿಂದ ಓಡಿದ್ದೇ ಓಡಿದ್ದು. ಹಳೆಯ ಗೆಳೆಯನ ಕೆಲಸ ಹೋಯಿತು, ಒಬ್ಬ ಸದಸ್ಯನ ಕಿವಿಗೆ ನೀರು ನುಗ್ಗಿತು, ಒಬ್ಬ ಅತಿಥಿಯ ಹಲ್ಲು ಮುರಿಯಿತು. ಕೊನೆಗೆ ಹಲಗೆ ಮಾತ್ರ ರಬ್ಬರ್ ಮುದ್ರೆ ಬಯಸಿದ್ದ ಕಡೆಗೇ ಹೋಗಿ ನಿಂತಿತು. ನವೀಕರಿಸಿದ್ದರೆ ಕಂಪನಿ ಮುಚ್ಚಿಸುತ್ತಿತ್ತು. ಬಿಟ್ಟದ್ದಕ್ಕೆ ಗುಮಾಸ್ತೆಯೇ ಮುಚ್ಚಿಸಿದಳು, ತನ್ನದೇ ಅಕ್ಷರದಲ್ಲಿ, ಮೂರು ಪ್ರತಿಯಲ್ಲಿ.

"ಅಳ್ಬೇಡ ಕಣೇ," ಸೆಲ್ಮರ್ ಬಂದು ಪಕ್ಕದಲ್ಲಿ ನಿಂತ. "ನಿನ್ನ ನಿಧಿ ಶುರುವಾಗೋದು ನಾಳೆ. ರಾತ್ರಿ ಹನ್ನೆರಡರವರೆಗೆ ಹಲಗೆ ನಂದೇ."

ಸಮಾಧಾನಕ್ಕೆಂದು ಆಡಿದ ಮಾತು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಒಬ್ಬರ ಹೊರತು. ರೇಡಿಯೇಟರಿನಿಂದ ಎರಡು ಬರಿಗಾಲುಗಳು ಧುಪ್ಪೆಂದು ನೆಲಕ್ಕಿಳಿದವು. ಮಾರಿಟ್ ಕುರ್ಚಿಗಳ ನಡುವೆ ನುಸುಳಿಕೊಂಡು ಬಂದು ಅಮ್ಮನ ಮುಂದೆ ನಿಂತಳು. ಅವಳ ಫ್ರಾಕಿನ ಕುತ್ತಿಗೆಯಿಂದ ಈಜುಡುಗೆಯ ಕೆಂಪು ಪಟ್ಟಿ ಇಣುಕುತ್ತಿತ್ತು. ಯಾವಾಗ ತೊಟ್ಟುಕೊಂಡಳೋ, ಎಷ್ಟು ದಿನದಿಂದ ಹೀಗೆ ಫ್ರಾಕಿನೊಳಗೆ ತೊಟ್ಟುಕೊಂಡೇ ಓಡಾಡುತ್ತಿದ್ದಳೋ ಆರ್ಡಿಸಳಿಗೆ ತಿಳಿದಿರಲಿಲ್ಲ.

ಒಂದು ಕಡೆ ಹಳೆಯ ವಿಮೆಯವನು ನಿಂತಿದ್ದ, ಇನ್ನೊಂದು ಕಡೆ ಹೊಸ ವಿಮೆಯವನು. ಎದುರಿಗೆ ಪೆನ್ಸಿಲ್ ಚೂಪು ಮಾಡಿಕೊಂಡ ಬ್ಯೂಲಾ, ಸುತ್ತ ಇಡೀ ಊರು. ಮಾರಿಟ್ ಈ ಸಲ ಹೆಬ್ಬೆರಳು ನೋಡಲಿಲ್ಲ. ಕಿಟಕಿಯಾಚೆಯ ಬಿಸಿಲನ್ನು ನೋಡಿದಳು, ಆಮೇಲೆ ಅಮ್ಮನನ್ನು.

"ಅಮ್ಮಾ," ಎಂದಳು, ಕೋಣೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ, "ಇವತ್ತು ಇನ್ನೂ ಮುಗಿದಿಲ್ಲ, ಅಲ್ವಾ?"